ಇಪ್ಪತ್ತಮೂರು ಮಂದಿ ಗೈರು

ಏಪ್ರಿಲ್ 2, ಬುಧವಾರ

ವಾರ್ಷಿಕ ಪರೀಕ್ಷೆ ಇಂದು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ನಮ್ಮ ನಡುಮನೆಯಲ್ಲಿ ಶುರುವಾಯಿತು. ತರಗತಿ ಆರು, ವಿಷಯ ಗಣಿತ. ದಾಖಲಾದ ವಿದ್ಯಾರ್ಥಿಗಳು ಒಬ್ಬರು, ಹಾಜರಿದ್ದವರು ಒಬ್ಬರು. ದುದ್ದದ ಬಳಿಯ ಶಾಲೆಯಿಂದ ನಿವೃತ್ತನಾದಾಗ ಸಹೋದ್ಯೋಗಿಗಳು ನೆನಪಿಗೆಂದು ಕೊಟ್ಟ ಶಾಲಾ ಗಂಟೆಯ ಕಂಬಿ ತುಂಡನ್ನು ಜಗಲಿಯಲ್ಲಿ ನೇತುಹಾಕಿದ್ದೇನೆ. ಗಂಟೆ ನಾನೇ ಹೊಡೆದೆ.

ಹತ್ತೂಕಾಲಿಗೆ ಅಡುಗೆಮನೆಯಿಂದ ಒಣಮೆಣಸಿನಕಾಯಿ ಹುರಿಯುವ ಘಾಟು ಬಂತು. ಮೊಮ್ಮಗಳು ಪ್ರಜ್ಞಾ ಸೀನುತ್ತ ಸೀನುತ್ತ ಭಿನ್ನರಾಶಿ ಬರೆದಳು. ಮೇಲ್ವಿಚಾರಕನಾದ ನಾನೂ ಕೆಮ್ಮಿದೆ. ಪರೀಕ್ಷೆ ನಡೆಯುವಾಗ ಇದೇನು ಎಂದು ಕೇಳಲು ಹೋದರೆ ಸೋಮಮ್ಮ ಸೌಟು ಹಿಡಿದೇ ಉತ್ತರ ಕೊಟ್ಟಳು.

"ಪರೀಕ್ಸೆ ಬರ್ದು ಮಗ ಉಣ್ಣೋದು ಬ್ಯಾಡ್ವಾ? ನಿಮ್ಮ ಇಸ್ಕೂಲ್ಗೆ ಬಿಸಿಯೂಟ ಮಾಡೋಳೂ ನಾನೇ ತಾನೆ? ಓಗಿ ಗಂಟೆ ಒಡ್ಕಳಿ ಓಗಿ."

ನಲವತ್ತು ವರ್ಷ ಮೇಷ್ಟರ ಹೆಂಡತಿಯಾಗಿ ಬಾಳಿದವಳ ಮಾತು ಇದು. ಮೂವತ್ತಾರು ವರ್ಷ ಪಾಠ ಮಾಡಿದವನು ನಾನು, ಅದರಲ್ಲಿ ಇಪ್ಪತ್ತೆಂಟು ವರ್ಷ ಮುಖ್ಯೋಪಾಧ್ಯಾಯ. ಮಹದೇವಯ್ಯ ಮೇಷ್ಟ್ರು ಎಂದರೆ ಮದ್ದೂರು ತಾಲ್ಲೂಕಿನಲ್ಲೂ ಮಳವಳ್ಳಿ ತಾಲ್ಲೂಕಿನಲ್ಲೂ ಬಸ್ಸಿನಲ್ಲಿ ಸೀಟು ಬಿಡುವವರಿದ್ದಾರೆ. ಮನೆಯಲ್ಲಿ ಮಾತ್ರ ಗಂಟೆ ಹೊಡೆಯುವವನು.

ಈ ಮನೆಶಾಲೆ ನನ್ನ ಹುಚ್ಚಲ್ಲ. ಯಾಕೆ ಶುರುವಾಯಿತು ಎಂದು ವರ್ಷ ಮುಗಿಯುವಾಗ ಒಮ್ಮೆ ಬರೆದಿಡುತ್ತೇನೆ. ಮಗ ರವಿಚಂದ್ರ ಸರ್ಕಾರಿ ಬಸ್ಸಿನ ಚಾಲಕ, ವಾರದಲ್ಲಿ ನಾಲ್ಕು ದಿನ ಊರಲ್ಲಿರುವುದಿಲ್ಲ. ಸೊಸೆ ಸೌಮ್ಯ ನರ್ಸು. ಇಬ್ಬರೂ ಸೇರಿ ಪ್ರಜ್ಞಾಳನ್ನು ಒಂದು ಖಾಸಗಿ ಶಾಲೆಗೆ ಹಾಕಿದ್ದರು. ಅದರ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಹೋದ ಜೂನ್‌ನಲ್ಲಿ ಅಲ್ಲಿ ಮಕ್ಕಳ ಸಂತೆ ಮಾಡಿದರು. ಮಕ್ಕಳೇ ಮನೆಯಿಂದ ಸೊಪ್ಪು, ತರಕಾರಿ, ತಿಂಡಿ ತಂದು ಮಾರಬೇಕು, ಮಕ್ಕಳೇ ಕೊಳ್ಳಬೇಕು. ಸೋಮಮ್ಮ ಆಲೆಮನೆಯ ಹೊಸ ಬೆಲ್ಲ ತರಿಸಿ ನಲವತ್ತು ಕಡಲೆಕಾಯಿ ಉಂಡೆ ಕಟ್ಟಿಕೊಟ್ಟಳು. ಸಂಜೆ ಮಗು ನಲವತ್ತನ್ನೂ ಮನೆಗೆ ತಂದಿತು. ಪಕ್ಕದ ಹುಡುಗಿಯ ಚಕ್ಕುಲಿ ಅರ್ಧ ಗಂಟೆಯಲ್ಲಿ ಖಾಲಿಯಾಗಿತ್ತಂತೆ. 'ಆ ಕೇರಿಯವರ ಮನೆಯದು ತಿನ್ನಬೇಡಿ' ಎಂದು ಯಾರೋ ತಾಯಿ ಮಕ್ಕಳಿಗೆ ಹೇಳಿದ್ದು ತರಗತಿಯೆಲ್ಲ ಹರಡಿತ್ತು. ಮಧ್ಯಾಹ್ನ ಟೀಚರು ಬಂದು, ನೀನು ಆಟದ ಸಾಮಾನಿನ ಸಾಲಿನಲ್ಲಿ ಹೋಗಿ ನಿಲ್ಲು ಎಂದರಂತೆ.

ಮಾರನೆಯ ದಿನವೇ ಹೋಗಿ ಅವಳನ್ನು ಬಿಡಿಸಿಕೊಂಡು ಬಂದೆ. ವರ್ಗಾವಣೆ ಪತ್ರದಲ್ಲಿ 'ಶಾಲೆ ಬಿಡಲು ಕಾರಣ' ಎಂಬ ಕಾಲಂ ಇರುತ್ತದೆ. ಆ ಮುಖ್ಯಸ್ಥ ಅಲ್ಲಿ 'ಪೋಷಕರ ಕೋರಿಕೆ ಮೇರೆಗೆ' ಎಂದು ಬರೆದು ನನ್ನ ಮುಂದೆ ಹಿಡಿದ. ಏನು ಕೋರಿಕೆ? ಯಾರ ಕೋರಿಕೆ? ನಡೆದದ್ದನ್ನು ಬರೆಯಿರಿ, ಇಲ್ಲದಿದ್ದರೆ ಈ ಟಿ.ಸಿ. ನಿಮ್ಮ ಬಳಿಯೇ ಇರಲಿ ಎಂದು ಎದ್ದು ಬಂದೆ. ಅಂದಿನಿಂದ ಇಂದಿನವರೆಗೆ ಆ ಶಾಲೆಗೂ ಇಲಾಖೆಗೂ ಹದಿನೇಳು ಪತ್ರ ಬರೆದಿದ್ದೇನೆ. ಆ ಕಾಲಂ ಸರಿಯಾಗುವ ತನಕ ಪ್ರಜ್ಞಾ ಬೇರೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತುವುದಿಲ್ಲ.

ಏಪ್ರಿಲ್ 5, ಶನಿವಾರ

ಉತ್ತರ ಪತ್ರಿಕೆಗಳ ಮೌಲ್ಯಮಾಪನ. ಗಣಿತ 96. ವಿಜ್ಞಾನ 94. ಸಮಾಜ 98, ಕಾವೇರಿಯ ಉಪನದಿಗಳಲ್ಲಿ ಶಿಂಷೆಯನ್ನು ಮೊದಲು ಬರೆದಿದ್ದಾಳೆ, ಊರಿನ ಅಭಿಮಾನ.

ಕನ್ನಡದಲ್ಲಿ ಮಾತ್ರ ನನ್ನ ಮಾನ ಕಳೆದಳು. ಐದು ಅಂಕದ ಪ್ರಶ್ನೆ: ಬೇಸಿಗೆ ರಜೆಗೆ ನಿಮ್ಮ ಊರಿಗೆ ಬರುವಂತೆ ಗೆಳತಿಗೆ ಒಂದು ಪತ್ರ ಬರೆ. ಮೂರನೇ ತರಗತಿಯ ಮಕ್ಕಳೂ ಬರೆಯುತ್ತಾರೆ. ಇವಳು ಬಲಗಡೆ ಸ್ಥಳ, ದಿನಾಂಕ ಹಾಕಿದ್ದಾಳೆ. ಎಡಗಡೆ 'ಪ್ರೀತಿಯ' ಎಂದು ಬರೆದು ನಿಲ್ಲಿಸಿದ್ದಾಳೆ. ಉಳಿದ ಪುಟ ಖಾಲಿ. ವರ್ಷವೆಲ್ಲ ಪತ್ರಲೇಖನ ಕಲಿಸಿದ್ದೇನೆ! ಹದಿನೇಳು ಪತ್ರಗಳನ್ನು ಅವಳ ಮುಂದೆಯೇ ಬರೆದಿದ್ದೇನೆ! ಸೊನ್ನೆ ಹಾಕಿದೆ. ಅಭ್ಯಾಸದ ಕೊರತೆ ಎಂದು ಷರಾ ಬರೆದೆ.

ಏಪ್ರಿಲ್ 10, ಗುರುವಾರ

ಫಲಿತಾಂಶದ ದಿನ. ಹಿಂದೆ ಈ ದಿನ ಶಾಲೆಯ ಅಂಗಳದಲ್ಲಿ ಪೋಷಕರನ್ನೆಲ್ಲ ಕೂರಿಸಿ ಅಂಕಪಟ್ಟಿ ಓದುತ್ತಿದ್ದೆ. ಅದೇ ಕ್ರಮದಲ್ಲಿ ಜಗಲಿಯಲ್ಲಿ ಜಮಖಾನ ಹಾಸಿದೆ. ಸೌಮ್ಯ ರಾತ್ರಿ ಪಾಳಿ ಮುಗಿಸಿ ಬಂದು ತೂಕಡಿಸುತ್ತ ಕುಳಿತಿದ್ದಳು. ಪ್ರಥಮ ಸ್ಥಾನ ಪ್ರಜ್ಞಾ ಎಂದು ಕರೆದೆ. ಅವಳು ಎದ್ದು ಬಂದು ಅಂಕಪಟ್ಟಿ ತೆಗೆದುಕೊಂಡು, "ಎರಡ್ನೇ ಸ್ಥಾನ ಯಾರಿಗೆ ತಾತ?" ಎಂದಳು. ಸೋಮಮ್ಮ ನಕ್ಕಳು. ಸಮಾರಂಭದ ಗಾಂಭೀರ್ಯ ಹಾಳಾಯಿತು.

ಅಷ್ಟರಲ್ಲಿ ಗೇಟಿನ ಬಳಿ ಸ್ಕೂಟರು ನಿಂತಿತು. ಸಿದ್ದರಾಮು, ನನ್ನ ಹಳೆಯ ಶಿಷ್ಯ, ಈಗ ಸಿ.ಆರ್.ಪಿ. ಸುತ್ತಮುತ್ತಲ ಹದಿನೈದು ಶಾಲೆಗಳನ್ನು ಸುತ್ತಿ ಮಾಹಿತಿ ಬರೆಯುವ ಕೆಲಸ. ಕಾಲು ಮುಟ್ಟಿ ನಮಸ್ಕಾರ ಮಾಡಿದ. ಆಮೇಲೆ ಚೀಲದಿಂದ ಒಂದು ನಮೂನೆ ತೆಗೆದ. ಶಾಲೆಯಿಂದ ಹೊರಗುಳಿದ ಮಕ್ಕಳ ಪಟ್ಟಿ. ನಮ್ಮ ಊರಿನಲ್ಲಿ ಒಂದೇ ಹೆಸರು: ಪ್ರಜ್ಞಾ ಆರ್., ತಂದೆ ರವಿಚಂದ್ರ.

ನನಗೆ ಮೈ ಉರಿದುಹೋಯಿತು. ಬೀದಿಯಲ್ಲಿ ಅಲೆಯುವ ಮಕ್ಕಳನ್ನು ಶಾಲೆಗೆ ಎಳೆದು ತಂದವನು ನಾನು. ನನ್ನ ಮೊಮ್ಮಗಳು ಹೊರಗುಳಿದ ಮಗುವೇ?

"ಲೋ ಸಿದ್ದರಾಮು, ಇನ್ನೂರ ಇಪ್ಪತ್ತು ದಿನ ಶಾಲೆ ನಡೆಸಿದ್ದೀನಿ ಕಣ್ಲಾ. ಒಂದು ದಿನ ಕಮ್ಮಿ ಇಲ್ಲ. ಹಾಜರಿ ಪುಸ್ತಕ ತೋರಿಸ್ತೀನಿ, ನೋಡು," ಎಂದು ಒಳಗಿಂದ ತಂದು ಅವನ ಕೈಗೆ ಕೊಟ್ಟೆ.

ನೋಡಿದ. ಪುಟ ತಿರುಗಿಸಿದ. ಮಾರ್ಚ್ ತಿಂಗಳಲ್ಲಿ ನಿಂತ.

"ಸಾ, ಇದ್ಯಾರು ಇಪ್ಪತ್ಮೂರು ಜನ?"

ಕನ್ನಡಕ ಹಾಕಿ ನೋಡಿದೆ. ಒಂದನೇ ಸಾಲಿನಲ್ಲಿ ನನ್ನ ಕೈಬರಹ, ಪ್ರಜ್ಞಾ. ಕೆಳಗೆ ಎರಡರಿಂದ ಇಪ್ಪತ್ತನಾಲ್ಕರವರೆಗೆ ಅವಳ ದುಂಡು ಅಕ್ಷರ. ಅರ್ಪಿತ, ಪುನೀತ್, ಹೀಗೆ. ಆ ಶಾಲೆಯ ಅವಳ ತರಗತಿಯ ಮಕ್ಕಳು. ಪ್ರತಿ ಹೆಸರಿನ ಮುಂದೆ ಪ್ರತಿದಿನವೂ ಪೆನ್ಸಿಲ್ಲಿನಲ್ಲಿ 'ಗೈ'. ಜನವರಿಯಿಂದ ಶುರುಮಾಡಿದ್ದಾಳೆ. ತಿಂಗಳ ಕೊನೆಗೆ ರುಜು ಹಾಕುವಾಗ ಮೊದಲ ಸಾಲು ಮಾತ್ರ ನೋಡಿ ರುಜು ಹಾಕಿದ್ದೇನೆ.

ಹಾಜರಿ ಪುಸ್ತಕ ಎಂದರೆ ಸರ್ಕಾರಿ ದಾಖಲೆಗೆ ಸಮ. ತಿದ್ದಿದವರ ಕೆಲಸ ಹೋದದ್ದನ್ನು ನಾನು ಕಂಡಿದ್ದೇನೆ. ಶಿಷ್ಯನ ಮುಂದೆ ತಲೆ ತಗ್ಗಿಸುವಂತಾಯಿತು. ಸಿದ್ದರಾಮು ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ವಾಪಸು ಕೊಟ್ಟ. ಪಟ್ಟಿಯಿಂದ ಹೆಸರು ತೆಗೆಯಲೂ ಇಲ್ಲ.

ಏಪ್ರಿಲ್ 11, ಶುಕ್ರವಾರ

ಯಾಕೆ ಬರೆದೆ ಎಂದು ಕೇಳಿದೆ. ಇನ್ನೊಮ್ಮೆ ಕೇಳಿದೆ. ಕಾಲಿನ ಹೆಬ್ಬೆರಳು ನೋಡುತ್ತ ನಿಂತಳು. ಉತ್ತರ ಹೇಳುವವರೆಗೆ ಹೊರಗೆ ನಿಲ್ಲು ಎಂದು ಜಗಲಿಗೆ ಕಳಿಸಿದೆ. ಅರ್ಧ ಗಂಟೆ ಆಗಿತ್ತೋ ಇಲ್ಲವೋ, ಸೋಮಮ್ಮ ಅವಳ ಕೈ ಹಿಡಿದು ಒಳಗೆ ಕರೆತಂದಳು.

"ಮಕ್ಳ ಒರಗೆ ನಿಲ್ಸೋ ಚಾಳಿ ಇನ್ನೂ ಓಗ್ನಿಲ್ವಲ್ಲ ನಿಮ್ಗೆ! ಇರೋದು ಒಂದು ಮಗ. ಅದ್ನೂ ಒರಗೆ ನಿಲ್ಸಿ ಗೋಡೆಗೆ ಪಾಠ ಮಾಡೀರಾ?"

ಶಿಸ್ತು ಎಂದರೇನೆಂದು ಈ ಮನೆಯಲ್ಲಿ ಯಾರಿಗೂ ತಿಳಿಯದು.

ಏಪ್ರಿಲ್ 14, ಸೋಮವಾರ

ಬಾಬಾಸಾಹೇಬರ ಜಯಂತಿ. ಕೇರಿಯ ಸಮುದಾಯ ಭವನದ ಮುಂದೆ ಶಾಮಿಯಾನ. ವಿದ್ಯೆಯ ಮಹತ್ವ ಕುರಿತು ನನ್ನದೇ ಮುಖ್ಯ ಭಾಷಣ. ಪ್ರಜ್ಞಾಳೂ ಐದು ನಿಮಿಷ ಮಾತಾಡಲಿ ಎಂದು ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದೆ. ಹೆಸರು ಕರೆದಾಗ ಅವಳಿಲ್ಲ. ಭವನದ ಹಿಂದೆ ಕೇರಿಯ ಹುಡುಗಿಯರ ಜೊತೆ ಸೇರಿ ಬಂದವರಿಗೆಲ್ಲ ಪಾನಕ ಹಂಚುತ್ತಿದ್ದಳು. ನಾನು ಮಾತಿನ ಮುಖ್ಯ ಭಾಗಕ್ಕೆ ಬಂದಾಗ ಆ ಕಡೆಯಿಂದ ಜೋರು ನಗು. ಮೈಕಿನ ದನಿಯನ್ನೂ ಮೀರಿದ ನಗು. ಜನರೆಲ್ಲ ತಿರುಗಿ ನೋಡಿದರು. ಅವಳು ಇಷ್ಟು ಜೋರಾಗಿ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಮಾತು ತಪ್ಪಿ, ಒಂದು ಪುಟ ಬಿಟ್ಟು ಮುಂದಿನ ಪುಟ ಓದಿದೆ.

ಮನೆಗೆ ಬರುವ ದಾರಿಯಲ್ಲಿ ಗದರಿದೆ. "ಎಲ್ರೂ ಕುಡುದ್ರು ತಾತ," ಎಂದಳು. "ಎರಡು ಕೊಳದಪ್ಪಲೆ. ಒಂದು ಲೋಟಾನೂ ಮಿಗ್ನಿಲ್ಲ." ನಾನು ಕೇಳಿದ್ದೇನು, ಇವಳು ಹೇಳುವುದೇನು.

ಏಪ್ರಿಲ್ 23, ಬುಧವಾರ

ಏಳನೇ ತರಗತಿಯ ವಾರ್ಷಿಕ ಕ್ರಿಯಾಯೋಜನೆ ಸಿದ್ಧವಾಯಿತು. ಹದಿನಾಲ್ಕು ಪುಟ. ಪ್ರತಿ ಶುಕ್ರವಾರ ಚರ್ಚಾಸ್ಪರ್ಧೆ, ತಿಂಗಳಿಗೊಂದು ಕ್ಷೇತ್ರ ಭೇಟಿ (ಶಿಂಷಾ, ಆಲೆಮನೆ, ಗ್ರಾಮ ಪಂಚಾಯಿತಿ), ಸೆಪ್ಟೆಂಬರಿನಲ್ಲಿ ಕ್ರೀಡಾಕೂಟ. ಸೌಮ್ಯಳಿಗೆ ಓದಿ ಹೇಳಿದೆ. ಅವಳು ಇಸ್ತ್ರಿ ಮಾಡುತ್ತಲೇ ಕೇಳಿದಳು.

"ಚರ್ಚೆ ಯಾರ ಜೊತೆ ಮಾವ?"

"ನಾನಿದ್ದೀನಲ್ಲಮ್ಮ."

"ಕ್ರೀಡಾಕೂಟ?"

ವ್ಯಂಗ್ಯಕ್ಕೆಲ್ಲ ಉತ್ತರ ಕೊಡುವ ಅಗತ್ಯವಿಲ್ಲ.

ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಹೇಳಿದಳು: "ಮಾವ, ಟಿ.ಸಿ. ಇಲ್ದಿದ್ರೂ ಎಂಟನೇ ಕ್ಲಾಸಿನ ತನಕ ಯಾವ ಸರ್ಕಾರಿ ಶಾಲೆಯಾದ್ರೂ ಸೇರಿಸ್ಕೋಬೇಕು. ನಿಮಗೆ ಗೊತ್ತಿಲ್ವಾ? ನೀವೇ ಎಷ್ಟೋ ಮಕ್ಕಳನ್ನ ಹಂಗೆ ಸೇರಿಸ್ಕೊಂಡಿದ್ದೀರಿ. ಟಿ.ಸಿ. ಅಡ್ಡ ಇಲ್ಲ ಮಾವ. ನೀವು ಅಡ್ಡ ಇದ್ದೀರಿ."

ಸರ್ಕಾರಿ ಶಾಲೆ ಎಂದು ಆಗಾಗ ಹೇಳುತ್ತಿದ್ದಳು, ಇಷ್ಟು ಮಾತು ಅವಳು ಎಂದೂ ಆಡಿದವಳಲ್ಲ. ನಾನು ಅಡ್ಡವೇ? ಮಗುವಿನ ಪರ ನಿಂತ ಒಬ್ಬನೇ ಒಬ್ಬ ನಾನು! ನಾಳೆ ಆ ಶಾಲೆಯವರು ಇದೇ ಸುಳ್ಳು ಕಾರಣದ ಮೇಲೆ ಇನ್ನೊಂದು ಮಗುವನ್ನು ಹೊರಗೆ ಕಳಿಸಿದರೆ ಕೇಳುವವರು ಯಾರು? ರಾತ್ರಿಯ ಮುದ್ದೆ ಸೇರಲಿಲ್ಲ. ನಾಳೆ ಹದಿನೆಂಟನೆಯ ಪತ್ರ ಬರೆಯುತ್ತೇನೆ.

ಮೇ 5, ಸೋಮವಾರ

ಹದಿನೆಂಟನೆಯ ಪತ್ರದ ಪ್ರತಿಯನ್ನು ಸಿದ್ದರಾಮುವಿಗೆ ಕೊಟ್ಟು ಅವನಿಂದಲೂ ಒಂದು ವರದಿ ಬರೆಸೋಣವೆಂದು ಬೆಳಿಗ್ಗೆಯ ಬಸ್ಸಿಗೆ ಭಾರತೀನಗರಕ್ಕೆ ಹೋದೆ. ಬಸ್ ನಿಲ್ದಾಣದ ಎದುರು ಟೀ ಕೊಡಿಸಿದ. ಪತ್ರ ಪೂರ್ತಿ ಓದಿದ. 'ಶಾಲೆ ಬಿಡಲು ಕಾರಣ ಎಂಬ ಕಾಲಂನಲ್ಲಿ ಸುಳ್ಳು ಬರೆಯುವುದು ಮಗುವಿಗೆ ಎಸಗುವ ಎರಡನೆಯ ಅನ್ಯಾಯ' ಎಂಬ ಸಾಲಿನ ಮೇಲೆ ಬೆರಳಿಟ್ಟ.

"ಸಾ, ಒಂದು ಮಾತು ಏಳ್ತೀನಿ. ನಿಮ್ಗೆ ಸಿಟ್ಟು ಬರ್ಬಾರ್ದು."

"ಹೇಳು."

"ನಮ್ಮಕ್ಕ ನಾಗಮಣಿ ಗ್ಯಾಪ್ಕ ಅವ್ಳಾ?"

ನೆನಪಿದ್ದಳು. ಏಳನೇ ತರಗತಿ, ಕಡೆಯ ಬೆಂಚು, ಒಳ್ಳೆಯ ಅಕ್ಷರ.

"ದಿನಾ ಲೇಟಾಗ್ ಬರೋಳು. ಬೆಳಿಗ್ಗೆ ಗೌಡ್ರ ಮನೆ ಕೊಟ್ಟಿಗೆ ಬಾಚಿ ಬರ್ಬೇಕಿತ್ತು ಸಾ ಅವ್ಳು. ನೀವು ಕೇಳ್ನಿಲ್ಲ, ಅವ್ಳೂ ಏಳ್ನಿಲ್ಲ. ದಿನಾ ಒಂದು ಪಿರೇಡು ಒರಗೆ ನಿಲ್ಸಿದ್ರಿ. ಒಂದಿನ ಅಲ್ಲಿಂದ್ಲೇ ಮನೆಗೆ ಬಂದ್ಲು, ಮತ್ತೆ ಓಗ್ನಿಲ್ಲ. ನಮ್ಮಪ್ಪ ಬಂದು ಟಿ.ಸಿ. ಈಸ್ಕಂಡ. ಅದ್ರಲ್ಲಿ ಕಾರಣ ಏನ್ ಬರ್ದಿದ್ರಿ ಗೊತ್ತಾ?"

ಗೊತ್ತಿತ್ತು. ಅಂಥ ಎಲ್ಲ ಟಿ.ಸಿ.ಗಳಲ್ಲೂ ನಾನು ಬರೆಯುತ್ತಿದ್ದುದು ಒಂದೇ: 'ಪೋಷಕರ ಕೋರಿಕೆ ಮೇರೆಗೆ'. ರಬ್ಬರ್ ಸ್ಟ್ಯಾಂಪೇ ಮಾಡಿಸಿದ್ದೆ.

"ನಾನೇನ್ ಬೈತಿಲ್ಲ ಸಾ. ನೀವಿಲ್ದಿದ್ರೆ ನಾನು ಇವತ್ತು ಇಂಗೆ ನಿಮ್ಮೆದ್ರು ಕುಂತು ಮಾತಾಡ್ತಿರ್ನಿಲ್ಲ. ಆದ್ರೂ ಏಳ್ಬೇಕು ಅನ್ನುಸ್ತು."

ಗುರುವನ್ನು ಹೋಟೆಲಿನಲ್ಲಿ ಕೂರಿಸಿ ಹೀಗೆ ಮಾತಾಡುವುದೇ? ಮೂವತ್ತು ವರ್ಷದ ಹಿಂದಿನದನ್ನು ಇಂದು ಎತ್ತುವುದೇ? ಅದಕ್ಕೂ ಇದಕ್ಕೂ ಏನು ಸಂಬಂಧ? ಸಮಯಪಾಲನೆ ಕಲಿಸುವುದು ತಪ್ಪೇ? ಟೀ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ. ಪತ್ರ ಅವನ ಕೈಯಲ್ಲೇ ಉಳಿಯಿತು.

ಮೇ 6, ಮಂಗಳವಾರ

ಬೇಸಿಗೆ ಪಾಠ ಮಾಡಲಿಲ್ಲ. ಗಂಟೆಯನ್ನೂ ಹೊಡೆಯಲಿಲ್ಲ.

ಮೇ 8, ಗುರುವಾರ

ನಾಗಮಣಿಗೆ ಒಳ್ಳೆಯ ಅಕ್ಷರವಿತ್ತು ಎಂದು ಮೊನ್ನೆ ಬರೆದಿದ್ದೇನೆ. ಗಣಿತವೂ ಚೆನ್ನಾಗಿತ್ತು. ಅವಳಪ್ಪ ಮಾದಯ್ಯ ಟಿ.ಸಿ. ಕೇಳಲು ಬಂದಾಗ ಅವಳೂ ಬಂದಿದ್ದಳು, ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಬಾ ಎನ್ನಲಿಲ್ಲ ನಾನು. ಯಾಕಮ್ಮ ಬಿಡುತ್ತೀಯ ಎಂದು ಅವಳನ್ನು ಕೇಳಬಹುದಿತ್ತು. ನನ್ನಂತೆಯೇ ಕೇರಿಯಿಂದ ಬಂದ ಹುಡುಗಿ. ಕೇಳಿದ್ದರೆ ಎರಡು ನಿಮಿಷ ಹಿಡಿಯುತ್ತಿತ್ತು. ನನಗೆ ನಾಚಿಕೆಯಾಗುತ್ತಿದೆ.

ಸಿದ್ದರಾಮು ಅದನ್ನು ಹೇಳಿದ ರೀತಿ ಮಾತ್ರ ಸರಿಯಿಲ್ಲ.

ಮೇ 12, ಸೋಮವಾರ

ಬುದ್ಧ ಪೂರ್ಣಿಮೆ. ಬೆಳಿಗ್ಗೆ ಬುದ್ಧನ ಪಟದ ಮುಂದೆ ದೀಪ ಹಚ್ಚಿ ಎಲ್ಲರೂ ಕುಳಿತೆವು. ಸೋಮಮ್ಮನ ಹೆಸರುಬೇಳೆ ಪಾಯಸ. ಎಲ್ಲರೂ ಎದ್ದುಹೋದ ಮೇಲೆ ಹಾಜರಿ ಪುಸ್ತಕ ತಂದು ಪ್ರಜ್ಞಾಳ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತೆ. ಸಂಧಿವಾತದ ಮಂಡಿ, ಕುರ್ಚಿಯಿಂದ ಇಳಿದು ಕೂರುವುದು ಕಷ್ಟ.

"ಇವರೇ ಅಲ್ಲವೇ ನಿನ್ನ ಉಂಡೆ ಮುಟ್ಟದವರು? ಇವರ ಹೆಸರು ಯಾಕೆ ಬರೆದೆ ಮಗಳೇ?"

"ಅದ್ಕೇ ಗೈ ಆಕಿದ್ದೀನಿ."

"ಅಂದರೆ?"

"ಅವತ್ತು ನಾನು ಬಂದಿದ್ದೆ ತಾತ. ಡಬ್ಬ ಇಟ್ಕಂಡು ಸಂಜೆ ಗಂಟ ನಿಂತಿದ್ದೆ. ಅವ್ರೇ ಬರ್ನಿಲ್ಲ. ಅವ್ರು ತಾನೆ ಗೈರು?"

ಅವಳು ಪೆನ್ಸಿಲ್ಲಿನಿಂದ ಚಾಪೆಯ ಅಂಚು ಕೆದಕುತ್ತ ಮುಂದುವರಿಸಿದಳು.

"ನೀನು ಮಾರ್ನೆ ದಿನ ಬಂದು ನನ್ನ ಕರ್ಕಂಡ್ ಬಂದ್ಬುಟ್ಟೆ. ಎಲ್ರೂ ಕಿಟಕೀಲಿ ನೋಡ್ತಿದ್ರು. ತಪ್ಪು ಮಾಡಿದ್ ಮಕ್ಳನ್ನ ತಾನೆ ಮನೆಗೆ ಕಳ್ಸೋದು? ನಾನೇ ಏನೋ ಮಾಡ್ದೆ ಅನ್ಕಂಡಿರ್ತಾರೆ. ನಾನಾಗಿದ್ರೆ ಮಾರ್ನೆ ದಿನಾನೂ ಡಬ್ಬ ತಕಂಡ್ ಓಯ್ತಿದ್ದೆ. ಯಾಕ್ರೇ ತಿನ್ನಲ್ಲ ಅಂತ ಜಗಳ ಆಡ್ತಿದ್ದೆ. ನೀನಾದ್ರೆ ಎಲ್ರ ಜೊತೆ ಜಗಳ ಆಡ್ತೀಯ. ನಂಗ್ಯಾರವ್ರೆ? ಅಜ್ಜಿ ಜೊತೆ ಆಡಕಾಯ್ತದ?"

ಬೇರೆ ಶಾಲೆಗೆ ಸೇರಿಸುತ್ತೇನೆ, ಸರ್ಕಾರಿ ಶಾಲೆ, ಸಿದ್ದರಾಮುವಿನ ಕಡೆಯದು, ಒಳ್ಳೆಯ ಮೇಷ್ಟ್ರಿದ್ದಾರೆ ಎಂದೆ.

"ನಾನ್ಯಾಕ್ ತಾತ ಬೇರೆ ಇಸ್ಕೂಲ್ಗೆ ಓಗ್ಬೇಕು?" ಎಂದಳು. ಕಣ್ಣಲ್ಲಿ ನೀರಿಲ್ಲ. ಮೂಗಿನ ಹೊಳ್ಳೆ ಮಾತ್ರ ಅರಳಿತ್ತು, ಸಿಟ್ಟು ಬಂದಾಗ ನನಗೆ ಅರಳುವಂತೆ. "ನಾನೇನ್ ಮಾಡಿದ್ದೆ?"

ಹನ್ನೆರಡು ವರ್ಷದ ಹುಡುಗಿ ನನಗೆ ಪ್ರಶ್ನೆ ಹಾಕುತ್ತಾಳೆ! ಹನ್ನೊಂದು ತಿಂಗಳು ಇವಳಿಗಾಗಿ ಊರೆಲ್ಲ ಹಗೆ ಕಟ್ಟಿಕೊಂಡೆ. ಇವಳಿಗೆ ಬೇಕಾಗಿದ್ದದ್ದು ಇವಳದೇ ಜಗಳ. ಮೊದಲೇ ಹೇಳಬಾರದಿತ್ತೇ? ನಾನು ಕೇಳಲೇ ಇಲ್ಲವಂತೆ, ಸೋಮಮ್ಮ ಬಾಗಿಲಲ್ಲಿ ನಿಂತು ಹೇಳಿದಳು. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವುದು ಸಭ್ಯತೆಯಲ್ಲ.

ಮೇ 17, ಶನಿವಾರ

ನಿಯಮಗಳನ್ನು ತೆಗೆದು ಕುಳಿತೆ. ನನಗೇ ಹೊಳೆಯದಿದ್ದ ಒಂದು ಸಂಗತಿ ಇದೆ. ಟಿ.ಸಿ. ನಾನು ಸ್ವೀಕರಿಸಿಲ್ಲ, ಸ್ವೀಕೃತಿಗೆ ರುಜು ಹಾಕಿಲ್ಲ, ಪ್ರಜ್ಞಾ ಬೇರೆಲ್ಲೂ ದಾಖಲಾಗಿಲ್ಲ. ಹಾಗಿದ್ದ ಮೇಲೆ ಅವಳು ಆ ಶಾಲೆಯನ್ನು ಬಿಟ್ಟೇ ಇಲ್ಲ. ಅವಳು ಅಲ್ಲಿನ ವಿದ್ಯಾರ್ಥಿನಿ. ದೀರ್ಘಕಾಲ ಗೈರು, ಅಷ್ಟೆ.

ಅಲ್ಲಿಗೇ ವಾಪಸು ಕಳಿಸೋಣ ಎಂದೆ. ಸೌಮ್ಯ ಬೇಡವೆಂದಳು. "ಮತ್ತೆ ಅಂಗೇ ಮಾಡಿದ್ರೆ? ಅವ್ಳು ಇನ್ನೊಂದ್ಸಲ ಡಬ್ಬ ವಾಪಸ್ಸು ತಂದ್ರೆ ನಾನು ನೋಡಕ್ಕಾಗಲ್ಲ ಮಾವ." ಅತ್ತಳು. ಸರ್ಕಾರಿ ಶಾಲೆ ಎಂದು ವರ್ಷವೆಲ್ಲ ಹೇಳಿದವಳು ಅವಳು, ಅವಳ ಮಾತು ಅಂದೇ ಕೇಳಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ. ಹಾಗೆಂದು ಅವಳಿಗೆ ಹೇಳಿದೆ. ಆಶ್ಚರ್ಯದಿಂದ ನೋಡಿದಳು. ಕೊನೆಗೆ ಪ್ರಜ್ಞಾಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಮಾತಾಡಿದಳು. ಹೊರಗೆ ಬಂದು, "ಒಂದು ವಾರ ನೋಡಣ," ಎಂದಳು.

ಮೇ 21, ಬುಧವಾರ

ಆ ಶಾಲೆಗೆ ಹೋಗಿದ್ದೆ. ಸಿದ್ದರಾಮುವೂ ಬಂದ. ಫೋನು ಮಾಡಿ ಕರೆದವನು ನಾನೇ. ಮೊದಲ ಹತ್ತು ನಿಮಿಷ ಇಬ್ಬರೂ ಮಳೆ ಬೆಳೆಯ ಮಾತಾಡಿದೆವು.

ನನ್ನನ್ನು ಕಂಡೊಡನೆ ಆ ಮುಖ್ಯಸ್ಥ ಮೇಜಿನ ಡ್ರಾಯರ್ ಎಳೆದ. ಟಿ.ಸಿ. ಅಲ್ಲೇ ಇತ್ತು, ಹೋದ ವರ್ಷದ್ದೇ.

"ಸರ್, ಇಷ್ಟು ದಿನ ಸತಾಯಿಸಿದ್ರಿ. ಕಾರಣ ಏನು ಬೇಕೋ ನೀವೇ ಹೇಳಿ, ಬರೆದುಕೊಡ್ತೀನಿ. ತಗೊಂಡು ಹೋಗಿ."

ಹನ್ನೊಂದು ತಿಂಗಳು, ಹದಿನೆಂಟು ಪತ್ರ. ಕೇಳಿದ್ದು ಕೈಗೆ ಬಂದಿತ್ತು. ಬೇಡ ಎಂದೆ. ಅವನು ಬಾಯಿ ತೆರೆದು ಕೂತ. ನನ್ನ ಮೊಮ್ಮಗಳು ಶಾಲೆ ಶುರುವಾಗುವ ಮೇ ಇಪ್ಪತ್ತೊಂಬತ್ತಕ್ಕೆ ಏಳನೇ ತರಗತಿಗೆ ಹಾಜರಾಗುತ್ತಾಳೆ ಎಂದೆ. ಸೀಟಿಲ್ಲ ಎಂದ. ಇರುವ ಸೀಟು ಅವಳದೇ ಎಂದು ನಿಯಮ ಓದಿದೆ. ಇತರ ಪೋಷಕರು ಏನೆನ್ನುತ್ತಾರೋ ಎಂದು ಗೊಣಗಿದ. ಆಗ ನನ್ನ ದನಿ ಹೊರಗಿನ ಮೈದಾನದವರೆಗೆ ಕೇಳಿಸಿತಂತೆ. ಏನೆನ್ನುತ್ತಾರೆ? ಬರೆದುಕೊಡಲಿ! ಹೆಸರು ಹಾಕಿ, ರುಜು ಹಾಕಿ, ಇಂಥ ಮನೆಯ ಮಗು ನಮ್ಮ ಮಗುವಿನ ಪಕ್ಕ ಕೂರಬಾರದು ಎಂದು ಬರೆದುಕೊಡಲಿ! ಸಿದ್ದರಾಮು ಮೆಲ್ಲಗೆ, "ಬರ್ದು ಕೊಟ್ರೆ ನಾನು ಈಗ್ಲೇ ಮೇಲಕ್ಕೆ ಕಳುಸ್ತೀನಿ ಸಾರ್," ಎಂದು ಪೆನ್ನು ಮುಂದಿಟ್ಟ. ಪೆನ್ನು ಯಾರೂ ಮುಟ್ಟಲಿಲ್ಲ.

ಬರುವಾಗ ಸಿದ್ದರಾಮುವಿಗೆ ಟೀ ನಾನು ಕೊಡಿಸಿದೆ. ನಾಗಮಣಿ ಈಗ ಎಲ್ಲಿದ್ದಾಳೆಂದು ಕೇಳಿದೆ. ಮದ್ದೂರಿನಲ್ಲಿ ಬಟ್ಟೆ ಹೊಲಿಯುತ್ತಾಳೆ, ಮಗಳು ಡಿಗ್ರಿ ಓದುತ್ತಿದ್ದಾಳೆ. ಹೋಗಿ ನೋಡಬೇಕು. ಏನು ಹೇಳಬೇಕೆಂದು ತಿಳಿಯದು.

ಮೇ 28, ಬುಧವಾರ

ಹದಿನಾಲ್ಕು ಪುಟದ ಕ್ರಿಯಾಯೋಜನೆಯನ್ನು ಸೋಮಮ್ಮ ಕಡಲೆಕಾಯಿ ಹುರಿದು ಹರಡಲು ತೆಗೆದುಕೊಂಡಿದ್ದಾಳೆ. ಕೇಳದೆ ತೆಗೆದುಕೊಂಡಳು, ಅದಕ್ಕೆ ಒಂದಷ್ಟು ಕೂಗಾಡಿದೆ. ಹೊಸ ಯೋಜನೆ ಒಂದೇ ಸಾಲು: ಸಂಜೆ ಐದರಿಂದ ಆರು, ಅವಳು ಹೇಳುವುದನ್ನು ಕೇಳುವುದು.

ಪ್ರಜ್ಞಾ ಯೂನಿಫಾರಂ ಹಾಕಿ ನೋಡಿದಳು. ಒಂದು ವರ್ಷದಲ್ಲಿ ಎಷ್ಟು ಬೆಳೆದಿದ್ದಾಳೆ! ಸೌಮ್ಯ ಅಂಚು ಬಿಚ್ಚಿ ಉದ್ದ ಮಾಡಿದಳು. ನನಗೆ ಭಯವಾಗುತ್ತಿದೆ. ಇಷ್ಟು ದಿನ ಇದನ್ನು ಸಿಟ್ಟು ಎಂದುಕೊಂಡಿದ್ದೆ.

ಮೇ 29, ಗುರುವಾರ

ಡಬ್ಬದಲ್ಲಿ ನಲವತ್ತು ಉಂಡೆ. ಅವಳೇ ಎಣಿಸಿದಳು. ಗೇಟಿನವರೆಗೆ ಬಿಟ್ಟೆ. ಒಳಗೆ ಬರಬೇಡ ಎಂದಳು. ನಾನು ರಸ್ತೆಯ ಈ ಕಡೆ ಬೇವಿನ ಮರದ ಕೆಳಗೆ ನಿಂತೆ. ಬೆಲ್ಲು ಹೊಡೆಯಿತು, ಪ್ರಾರ್ಥನೆ ಮುಗಿಯಿತು, ನಾನು ನಿಂತೇ ಇದ್ದೆ. ಒಂದು ಪಿರೇಡು ಹೊರಗೆ ನಿಲ್ಲುವುದು ಎಂದರೆ ಎಷ್ಟು ಹೊತ್ತು ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಕಾಲು ಊದಿಕೊಂಡಿವೆ.

ಮನೆಗೆ ಬಂದು ಹಾಜರಿ ಪುಸ್ತಕ ತೆಗೆದು ಹೊಸ ಪುಟಕ್ಕೆ ಇಪ್ಪತ್ತನಾಲ್ಕು ಹೆಸರನ್ನೂ ನನ್ನ ಕೈಯಲ್ಲೇ ಬರೆದೆ. ಒಂದನೇ ಸಾಲಿನಲ್ಲಿ ಪ್ರಜ್ಞಾಳ ಮುಂದೆ ಮೊದಲ ಬಾರಿಗೆ 'ಗೈ' ಹಾಕಿದೆ. ಉಳಿದದ್ದು ಖಾಲಿ ಬಿಟ್ಟೆ.

ಸಂಜೆ ಐದಕ್ಕೆ ಬಂದಳು. ಕುತ್ತಿಗೆಯ ಹತ್ತಿರ ಒಂದು ಗೀರು, ಯಾರದೋ ಉಗುರಿನದು. "ಪುನೀತಂಗೆ ನಾನೂ ಕೊಟ್ಟಿದ್ದೀನಿ ಬುಡು," ಎಂದಳು. ನಾನು ಎದ್ದು ಚಪ್ಪಲಿ ಹಾಕಿಕೊಳ್ಳಲು ಹೊರಟೆ. "ತಾತ, ಕುಂತ್ಕ," ಎಂದಳು. ಕುಳಿತೆ.

ಹಾಜರಿ ಪುಸ್ತಕ ಎಳೆದುಕೊಂಡು, ನನ್ನ ಕೆಂಪು ಪೆನ್ನು ತೆಗೆದುಕೊಂಡು ಒಂದೊಂದೇ ಹೆಸರಿನ ಮುಂದೆ ಬರೆದಳು. ಅರ್ಪಿತ, 'ಹಾ', ಎಂದರೆ ಹಾಜರು. ಅದರ ಕೆಳಗೆ ಇನ್ನೊಂದು ಹಾ. ಪುನೀತ್, ಗೈ. ಹೀಗೆ ಇಪ್ಪತ್ತಮೂರೂ. ಒಂಬತ್ತು ಜನ ತಿಂದಿದ್ದಾರೆ. ಅರ್ಪಿತ ಎರಡು ತಿಂದಳಂತೆ, ಹೋದ ವರ್ಷದ್ದೂ ಸೇರಿಸಿ ಕೊಡು ಎಂದು ಕೇಳಿದಳಂತೆ. ಹದಿನಾಲ್ಕು ಜನ ಇನ್ನೂ ಗೈರು.

ಹದಿನಾಲ್ಕು! ಇಪ್ಪತ್ತಮೂರರಲ್ಲಿ ಹದಿನಾಲ್ಕು! ಇದೂ ಒಂದು ಶಾಲೆಯೇ? ನಾಳೆಯೇ ಒಂದು ಪತ್ರ ಬರೆಯುತ್ತೇನೆ ಎಂದೆ.

"ಪತ್ರ ಬ್ಯಾಡ ತಾತ. ನಾಳಿಕ್ಕೆ ಒಸಾ ಉಂಡೆ ಬೇಕು," ಎಂದಳು.

ಸೋಮಮ್ಮ ಆಗಲೇ ಬಾಣಲೆ ಇಟ್ಟಿದ್ದಾಳೆ. ಹುರಿದ ಕಡಲೆಕಾಯಿಯ ಸಿಪ್ಪೆ ಉಜ್ಜಿ ತೆಗೆಯಲು ಜನ ಬೇಕೆಂದು ಮೂರು ಸಲ ಕೂಗಿದಳು. ಹೋಗಬೇಕು.